ದುರಂತದ ಮರುದಿನದ ಮೂಕಿಚಿತ್ರ: ನೋಡುವ ಬಗೆ

1900ರ ಸೆಪ್ಟೆಂಬರ್ 8ರಂದು ಅಮೆರಿಕದ ಟೆಕ್ಸಸ್ ಕರಾವಳಿಯ ದ್ವೀಪನಗರ ಗ್ಯಾಲ್ವೆಸ್ಟನ್‌ಗೆ ಚಂಡಮಾರುತ ಬಡಿಯಿತು. ಕಡಿಮೆಯೆಂದರೂ 6,000 ಜನ ಸತ್ತರು. ಅಲ್ಲಿ ತೆಗೆದ ಹಲವು ಕಿರುಚಿತ್ರಗಳನ್ನು ಎಡಿಸನ್ ಕಂಪನಿ ಅದೇ ತಿಂಗಳೊಳಗೆ ತನ್ನ ಹೆಸರಿನಲ್ಲಿ ನೋಂದಾಯಿಸಿತು. ಒಂದೊಂದೂ ಒಂದೆರಡು ನಿಮಿಷದ್ದು. ಕಥೆಯಿಲ್ಲ, ನಟರಿಲ್ಲ, ಮಾತಂತೂ ಇಲ್ಲವೇ ಇಲ್ಲ. ಪ್ರಕೃತಿ ವಿಕೋಪದ ಅವಶೇಷಗಳನ್ನು ತೋರಿಸುವ ಮೂಕಿಚಿತ್ರಗಳ ಪರಿಚಯಕ್ಕೆ ಇವಕ್ಕಿಂತ ಒಳ್ಳೆಯ ಆರಂಭ ಸಿಗದು.

ಈ ಪ್ರಕಾರದ ಮೊದಲ ಲಕ್ಷಣವೇ ತಡವಾಗಿ ಬರುವುದು. ಅಂದಿನ ಕ್ಯಾಮೆರಾ ಮುಕ್ಕಾಲಿಯ ಮೇಲೆ ನಿಲ್ಲಿಸಿ ಕೈಯಿಂದ ಹಿಡಿಕೆ ತಿರುಗಿಸಬೇಕಾದ ಮರದ ಪೆಟ್ಟಿಗೆ. ಮಳೆಗಾಳಿಯಲ್ಲಿ, ಕತ್ತಲಲ್ಲಿ ಅದು ನಿರುಪಯುಕ್ತ. ಆದ್ದರಿಂದ ಬಿರುಗಾಳಿಯನ್ನೋ ಭೂಕಂಪವನ್ನೋ ಇಲ್ಲಿ ಹುಡುಕಬಾರದು. ಎಲ್ಲ ಮುಗಿದ ಮೇಲಿನ ಹಗಲು ಮಾತ್ರ ಇಲ್ಲಿರುತ್ತದೆ. ಆಗಿನ ಫಿಲ್ಮ್ ನೀಲಿ ಬಣ್ಣಕ್ಕೆ ಅತಿಯಾಗಿ, ಕೆಂಪಿಗೆ ಬಹಳ ಕಡಿಮೆ ಸ್ಪಂದಿಸುತ್ತಿತ್ತು. ಆಕಾಶ ಬರಿದೆ ಬಿಳಿಯಾಗಿ, ಇಟ್ಟಿಗೆಯ ಗೋಡೆ ಕಪ್ಪಾಗಿ ಕಾಣುವುದು ಅದರಿಂದ. ಆ ಶೂನ್ಯ ಆಕಾಶವನ್ನು ಶೋಕದ ಸಂಕೇತವೆಂದು ಓದುವವರಿದ್ದಾರೆ. ಅದು ರಾಸಾಯನಿಕದ ಗುಣ, ಅಷ್ಟೆ.

ಗ್ಯಾಲ್ವೆಸ್ಟನ್ ಚಿತ್ರಗಳಲ್ಲಿ ಹಲವುಗಳ ಶೀರ್ಷಿಕೆ ‘ಪನೋರಮಾ’ ಎಂದೇ ಆರಂಭವಾಗುತ್ತದೆ. ಕ್ಯಾಮೆರಾ ನಿಂತಲ್ಲೇ ನಿಧಾನವಾಗಿ ಪಕ್ಕಕ್ಕೆ ಹೊರಳುತ್ತದೆ: ಮುರಿದ ಹಲಗೆಗಳ ರಾಶಿ, ಮತ್ತೆ ರಾಶಿ, ವಾಲಿ ನಿಂತ ಒಂದು ಮನೆ, ಪುನಃ ರಾಶಿ. ಹೊಸಬರಿಗೆ ಇದು ಬೇಸರ ತರಿಸುವುದು ಸಹಜ. ಆದರೆ ಈ ಚಿತ್ರಗಳ ಬಲವಿರುವುದು ಆ ಹೊರಳಿನಲ್ಲೇ. ಸ್ಥಿರಚಿತ್ರಕ್ಕೆ ಅಂಚಿದೆ, ಅಂಚಿನಾಚೆ ಊರು ಉಳಿದಿರಬಹುದೆಂಬ ಆಸೆಗೆ ಅಲ್ಲಿ ಎಡೆಯಿದೆ. ಹೊರಳುವ ಕ್ಯಾಮೆರಾ ಆ ಆಸೆಯನ್ನು ಕ್ಷಣಕ್ಷಣಕ್ಕೂ ಕಿತ್ತುಕೊಳ್ಳುತ್ತದೆ. ಹೊರಳು ಎಲ್ಲಿ ತಡವರಿಸಿತು, ಎಲ್ಲಿ ಅವಸರಪಟ್ಟಿತು ಎಂಬುದನ್ನು ಗಮನಿಸಿದರೆ ಹಿಡಿಕೆಯ ಹಿಂದಿದ್ದ ಮನುಷ್ಯನ ಮನಸ್ಸೂ ಸ್ವಲ್ಪ ತಿಳಿಯುತ್ತದೆ. ಎರಡನೆಯ ಸಲ ನೋಡುವಾಗ ಅವಶೇಷ ಬಿಟ್ಟು ಜನರನ್ನೇ ನೋಡಬೇಕು. ಬ್ರಾಡ್‌ವೇ ಬೀದಿಯ ಅವಶೇಷಗಳಲ್ಲಿ ಶವ ಹುಡುಕುವುದನ್ನು ತೋರಿಸುವ ಚಿತ್ರದಲ್ಲಿ ಕೂಲಿಗಳ ತಂಡವೊಂದು ರಾಶಿಯನ್ನು ಸರಿಸುತ್ತಿದೆ. ಸಮುದ್ರಕ್ಕೆ ಹಾಕಿದ ನೂರಾರು ಹೆಣಗಳು ಅಲೆಯೊಂದಿಗೆ ದಡಕ್ಕೆ ಮರಳಿದ್ದರಿಂದ ಆ ಊರಿನಲ್ಲಿ ಕಡೆಗೆ ಅಲ್ಲಲ್ಲೇ ಚಿತೆ ಹೊತ್ತಿಸಬೇಕಾಯಿತು. ಇದು ತಿಳಿದಿದ್ದರೆ ಆ ತಂಡದ ದುಡಿಮೆ ಬೇರೆಯೇ ಭಾರದಿಂದ ಕಾಣುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋದ ಚಿತ್ರಗಳನ್ನು ಜೋಡಿಯಾಗಿ ನೋಡಬೇಕು. 1906ರ ಏಪ್ರಿಲ್ 18ರ ಬೆಳಗಿನ 5 ಗಂಟೆ 12 ನಿಮಿಷಕ್ಕೆ ಅಲ್ಲಿ ಭೂಮಿ ನಡುಗಿತು. ನಂತರದ ಬೆಂಕಿ ಮೂರು ದಿನ ಉರಿಯಿತು. ಭೂಕಂಪಕ್ಕೆ ಕೆಲವೇ ದಿನ ಮೊದಲು ಚಿತ್ರನಿರ್ಮಾಪಕರಾದ ಮೈಲ್ಸ್ ಸಹೋದರರು ಕೇಬಲ್ ಕಾರಿನ ಮುಂಭಾಗದಲ್ಲಿ ಕ್ಯಾಮೆರಾ ಇಟ್ಟು ಮಾರ್ಕೆಟ್ ಸ್ಟ್ರೀಟ್‌ನ ಉದ್ದಕ್ಕೂ, ಫೆರಿ ಬಿಲ್ಡಿಂಗ್‌ನವರೆಗೆ ಚಿತ್ರೀಕರಿಸಿದ್ದರು. ಹದಿಮೂರು ನಿಮಿಷದ ಆ ಚಿತ್ರ ‘ಎ ಟ್ರಿಪ್ ಡೌನ್ ಮಾರ್ಕೆಟ್ ಸ್ಟ್ರೀಟ್’. ಪ್ರತಿ ನ್ಯೂಯಾರ್ಕ್‌ಗೆ ಹೊರಟುಹೋಗಿದ್ದರಿಂದ ಬೆಂಕಿಯಿಂದ ಪಾರಾಯಿತು. ಇದನ್ನು ಬಹುಕಾಲ 1905ರದೆಂದು ನಂಬಲಾಗಿತ್ತು. ರಸ್ತೆಯ ಮೇಲಿನ ನೀರಿನ ಗುಂಡಿಗಳು, ಕಾರುಗಳ ನೋಂದಣಿ ಸಂಖ್ಯೆಗಳಂಥ ಸುಳಿವುಗಳಿಂದ ಇತಿಹಾಸಕಾರ ಡೇವಿಡ್ ಕೀನ್ ನಿಜವಾದ ಕಾಲವನ್ನು ಗುರುತಿಸಿದರು. ಅದೇ ಕಾರುಗಳು ಸುತ್ತಿ ಬಂದು ಪದೇಪದೇ ಮುಂದೆ ಹಾಯುವುದು ಕಣ್ಣಿಗೆ ಬೀಳುತ್ತದೆ: ಬೀದಿ ಗಿಜಿಗುಡುವಂತೆ ತೋರಿಸುವ ಉಪಾಯ! ಭೂಕಂಪದ ನಂತರ ಇದೇ ಸಹೋದರರು ಇದೇ ಬೀದಿಯನ್ನು ಮತ್ತೆ ಚಿತ್ರಿಸಿದರು. ಅದರ ಒಂಬತ್ತು ನಿಮಿಷದಷ್ಟು ಭಾಗ 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹಳೆಸಾಮಾನಿನ ಸಂತೆಯೊಂದರಲ್ಲಿ ದೊರೆಯಿತು. ಮೊದಲು ‘ಮುಂಚಿನದು’, ಬಳಿಕ ‘ಆಮೇಲಿನದು’ ನೋಡಿ, ತಿರುಗಿ ಮೊದಲನೆಯದಕ್ಕೆ ಹೋಗುವುದು ಸರಿಯಾದ ಕ್ರಮ. ಸೈಕಲ್ ತುಳಿಯುವ ಹುಡುಗ, ಹಳಿ ದಾಟುವ ಹೆಂಗಸು, ಕ್ಯಾಮೆರಾ ಕಂಡು ನಗುವ ಪೋರರು ಆ ಮೂರನೆಯ ನೋಟದಲ್ಲಿ ಮನಸ್ಸಿಗೆ ನಾಟುತ್ತಾರೆ.

ಕಂಡದ್ದೆಲ್ಲ ನಿಜವಲ್ಲ. ಬಯೋಗ್ರಾಫ್ ಕಂಪನಿ ಪುಟ್ಟ ಮಾದರಿನಗರ ಕಟ್ಟಿ, ಸುಟ್ಟು, ಸ್ಯಾನ್ ಫ್ರಾನ್ಸಿಸ್ಕೋದ ದುರಂತವೆಂದು ಚಿತ್ರ ತೆಗೆಯಿತು. ಗುರುತಿಸುವುದು ಕಷ್ಟವೇನಲ್ಲ: ಕಟ್ಟಡವನ್ನು ಚಿಕ್ಕದು ಮಾಡಬಹುದು, ಜ್ವಾಲೆಯ ನಾಲಿಗೆಯನ್ನೂ ಹೊಗೆಯ ಸುರುಳಿಯನ್ನೂ ಆ ಅಳತೆಗೆ ಕುಗ್ಗಿಸಲಾಗದು. ಜನರಿಲ್ಲದ ನಗರ, ಬೇಕಾದಲ್ಲೇ ಏಳುವ ಬೆಂಕಿ, ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಅಡಗುವ ಅಚ್ಚುಕಟ್ಟುತನ ಇವೂ ಅನುಮಾನಕ್ಕೆ ಕಾರಣ. ಮಾರ್ಟಿನೀಕ್ ದ್ವೀಪದ ಮೌಂಟ್ ಪೆಲೇ ಅಗ್ನಿಪರ್ವತ 1902ರಲ್ಲಿ ಸಿಡಿದಾಗ ಫ್ರೆಂಚ್ ಚಿತ್ರನಿರ್ಮಾಪಕ ಮೆಲಿಯೇಸ್ ಕೂಡ ಅದನ್ನು ಸ್ಟುಡಿಯೋದಲ್ಲೇ ಮರುಸೃಷ್ಟಿಸಿದ. ಇದನ್ನೆಲ್ಲ ಶುದ್ಧ ಮೋಸವೆಂದು ತಳ್ಳಿಹಾಕುವುದೂ ತಪ್ಪು. ಸುದ್ದಿಯನ್ನು ಆಡಿ ತೋರಿಸುವುದು ಅಂದು ಒಪ್ಪಿತ ರೂಢಿ.

ಆಗಿನ ಪ್ರೇಕ್ಷಕರು ಇವನ್ನು ಹಾಡು, ಹಾಸ್ಯ, ಕಸರತ್ತುಗಳ ನಡುವೆ ನೋಡುತ್ತಿದ್ದರು. ಎಷ್ಟೋ ಕಡೆ ಸಂಗೀತವೋ ವಿವರಣಕಾರನ ಮಾತೋ ಜೊತೆಗಿರುತ್ತಿತ್ತು. ಹಾಗಾಗಿ ಸಂಪೂರ್ಣ ಮೌನ ಇವುಗಳ ಸಹಜ ಸ್ಥಿತಿಯಾಗಿರಲಿಲ್ಲ. ಆದರೂ ಇಂದು ಬಣ್ಣ ಬಳಿದು, ಕುದುರೆ ಗೊರಸಿನ ಸದ್ದು ಸೇರಿಸಿ ಹಂಚುವ ಪ್ರತಿಗಳಿಂದ ದೂರವಿರುವುದೇ ಲೇಸು. ಅವು ಇಲ್ಲದ ವಿವರವನ್ನು ಊಹಿಸಿ ತುಂಬುತ್ತವೆ. ಜನ ಕುಣಿಯುವಂತೆ ನಡೆಯುತ್ತಿದ್ದರೆ ಓಟದ ವೇಗ ತಪ್ಪಿದೆಯೆಂದೇ ಅರ್ಥ. ಸೆಕೆಂಡಿಗೆ ಹದಿನಾರರ ಆಸುಪಾಸು ಚೌಕಟ್ಟುಗಳಿಗೆ ಇಳಿಸಿ ನೋಡಬೇಕು.

ಗ್ಯಾಲ್ವೆಸ್ಟನ್ ಚಿತ್ರಗಳು ಉಳಿದದ್ದು ಕಾನೂನಿನ ಕೊರತೆಯಿಂದ. 1912ರವರೆಗೆ ಅಮೆರಿಕದ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಚಲನಚಿತ್ರಕ್ಕೆ ಪ್ರತ್ಯೇಕ ಸ್ಥಾನವಿರಲಿಲ್ಲ. ನಿರ್ಮಾಪಕರು ಪ್ರತಿ ಚೌಕಟ್ಟನ್ನೂ ಕಾಗದದ ಪಟ್ಟಿಗೆ ಅಚ್ಚುಹಾಕಿ, ಛಾಯಾಚಿತ್ರವೆಂದು ಸಲ್ಲಿಸುತ್ತಿದ್ದರು. ನೈಟ್ರೇಟ್ ಫಿಲ್ಮಿನ ಮೂಲಪ್ರತಿಗಳು ಎಷ್ಟೋ ನಾಶವಾದ ಮೇಲೆ ಈ ಕಾಗದದಿಂದಲೇ ಮರಳಿ ಫಿಲ್ಮ್ ಮಾಡಲಾಯಿತು. ಚಿತ್ರ ಒರಟಾಗಿ, ತುಸು ಅದುರುತ್ತ ಕಾಣುವುದಕ್ಕೆ ಅದೂ ಒಂದು ಕಾರಣ. ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಅವನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು.