ಪೆರುವಿನ ಸಂಸದ ಕೊಟ್ಟ ಜವಾಬು

ಮೂಲಸಂಕೇತವನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ಸ್ವತಂತ್ರ ತಂತ್ರಾಂಶದ ಪರವಾಗಿ ಬಂದ ಬರಹಗಳಲ್ಲಿ ಹೆಚ್ಚಿನವು ಪ್ರೋಗ್ರಾಮರುಗಳು ಪ್ರೋಗ್ರಾಮರುಗಳಿಗೆಂದೇ ಬರೆದವು. 2002ರ ಏಪ್ರಿಲ್ 8ರಂದು ಪೆರುವಿನ ಸಂಸದ ಎಡ್ಗರ್ ವಿಯಾನುಯೇವಾ ಮೈಕ್ರೋಸಾಫ್ಟ್ ಪೆರು ಶಾಖೆಯ ಮುಖ್ಯಸ್ಥರಿಗೆ ಬರೆದ ಪತ್ರ ಆ ಸಾಲಿನದಲ್ಲ. ಸರ್ಕಾರಿ ಕಚೇರಿಗಳು ಸ್ವತಂತ್ರ ತಂತ್ರಾಂಶವನ್ನೇ ಬಳಸಬೇಕೆನ್ನುವ 1609ನೇ ಮಸೂದೆ ಆಗ ಅಲ್ಲಿನ ಸಂಸತ್ತಿನ ಮುಂದಿತ್ತು. ಮಾರ್ಚಿನಲ್ಲಿ ಕಂಪನಿ ತನ್ನ ಆಕ್ಷೇಪಗಳನ್ನು ಬರೆದು ಕಳಿಸಿತು. ವಿಯಾನುಯೇವಾ ಒಂದೊಂದೇ ಆಕ್ಷೇಪವನ್ನು ಎತ್ತಿಕೊಂಡು, ಎಲ್ಲೂ ದನಿ ಏರಿಸದೆ, ಪಾಟೀಸವಾಲಿಗೆ ನಿಂತ ವಕೀಲರ ತಾಳ್ಮೆಯಲ್ಲಿ ಉತ್ತರಿಸಿದರು. ಇಪ್ಪತ್ತು ವರ್ಷ ದಾಟಿದ ಮೇಲೂ ಪತ್ರ ಓದಿಸಿಕೊಳ್ಳುತ್ತದೆ. ಅದರ ಬಲ ಎಲ್ಲಿದೆ ಎಂಬುದನ್ನು ಮಾತ್ರ ಅದನ್ನು ಮೆಚ್ಚುವವರೇ ಮರೆತಂತಿದೆ.

ಆ ಬಲ ದುಡ್ಡಿನ ಮಾತಿನಲ್ಲಿಲ್ಲ. ಪ್ರಭುತ್ವ ಪ್ರಜೆಗೆ ಮೂರು ವಿಷಯಗಳಲ್ಲಿ ಬದ್ಧವಾಗಿದೆ ಎಂಬಲ್ಲಿಂದ ವಿಯಾನುಯೇವಾ ಹೊರಡುತ್ತಾರೆ: ಸಾರ್ವಜನಿಕ ಮಾಹಿತಿ ಯಾರಿಗೂ ಅಡ್ಡಿಯಿಲ್ಲದೆ ಸಿಗಬೇಕು, ಆ ಮಾಹಿತಿ ಕಾಲಾಂತರಕ್ಕೂ ಉಳಿಯಬೇಕು, ದೇಶದ ಮತ್ತು ನಾಗರಿಕರ ಭದ್ರತೆ ಕೆಡಬಾರದು. ಜನನ ದಾಖಲೆಯನ್ನೋ ತೆರಿಗೆಯ ಲೆಕ್ಕವನ್ನೋ ಓದಲು ಒಂದೇ ಕಂಪನಿಯ ಹಂಗಿನಲ್ಲಿರಬೇಕಾದರೆ ಈ ಮೂರೂ ಅಲುಗಾಡುತ್ತವೆ. ಹಣದ ಉಳಿತಾಯ ಜೊತೆಗೆ ಬಂದರೆ ಒಳ್ಳೆಯದೇ, ಮಸೂದೆಯ ಗುರಿ ಅದಲ್ಲ ಎಂದು ಅವರು ಸ್ಪಷ್ಟವಾಗಿ ಹೇಳುತ್ತಾರೆ. ಸ್ಪ್ಯಾನಿಷಿನಲ್ಲಿ ‘ಲಿಬ್ರೆ’ ಬೇರೆ, ‘ಗ್ರಾಟಿಸ್’ ಬೇರೆ. ಎರಡನ್ನೂ ‘ಫ್ರೀ’ ಎನ್ನುವ ಇಂಗ್ಲಿಷಿನ ಗೊಂದಲ ಅವರಿಗಿರಲಿಲ್ಲ. ಕನ್ನಡದಲ್ಲೂ ಸ್ವತಂತ್ರ ಬೇರೆ, ಉಚಿತ ಬೇರೆ. ಆದರೂ ಇಲ್ಲದ ಗೊಂದಲವನ್ನು ಇಂಗ್ಲಿಷಿನಿಂದ ಕಡ ತಂದುಕೊಂಡಿದ್ದೇವೆ.

ಆಕ್ಷೇಪಗಳನ್ನು ಎದುರಿಸಿದ ರೀತಿಯೂ ಇದೇ ನೆಲೆಯದು. ಮಸೂದೆ ಕೆಲವು ಕಂಪನಿಗಳಿಗೆ ತಾರತಮ್ಯ ಮಾಡುತ್ತದೆ ಎಂಬ ದೂರಿಗೆ, ಇದು ಸರ್ಕಾರ ತನಗೆ ತಾನೇ ಹಾಕಿಕೊಳ್ಳುವ ಷರತ್ತು, ಅದಕ್ಕೊಪ್ಪುವ ಪರವಾನಗಿ ಕೊಟ್ಟು ಯಾರು ಬೇಕಾದರೂ ಟೆಂಡರಿಗೆ ಬರಬಹುದು ಎಂದರು. ಸ್ವತಂತ್ರ ತಂತ್ರಾಂಶಕ್ಕೆ ಖಾತರಿ ಕೊಡುವವರಿಲ್ಲ ಎಂಬುದಕ್ಕೆ, ಕಂಪನಿಗಳ ಪರವಾನಗಿ ಪತ್ರಗಳನ್ನೇ ಓದಿ ನೋಡಿ ಎಂದರು. ಅಲ್ಲಿ ಸಾಮಾನ್ಯವಾಗಿ ಇರುವ ಖಾತರಿ ಕೆಟ್ಟ ಡಿಸ್ಕನ್ನು ಬದಲಿಸಿ ಕೊಡುವುದಷ್ಟೇ. ಪರವಾನಗಿಯ ಬೆಲೆ ಒಟ್ಟು ಖರ್ಚಿನ ಶೇ. 8 ಮಾತ್ರ, ಮಿಕ್ಕ ಶೇ. 92 ಅಳವಡಿಕೆ, ನಿರ್ವಹಣೆ, ಬೆಂಬಲಕ್ಕೆ ಹೋಗುತ್ತದೆ ಎಂದು ಕಂಪನಿ ಲೆಕ್ಕ ಕೊಟ್ಟಿತ್ತು. ಈ ಲೆಕ್ಕ ಕೊಟ್ಟವರಿಗೇ ತಿರುಗುಬಾಣವಾಗುತ್ತದೆ: ಮೂಲಸಂಕೇತ ಎಲ್ಲರಿಗೂ ತೆರೆದಿದ್ದರೆ ಆ ಶೇ. 92ರ ಕೆಲಸಕ್ಕೆ ಸ್ಥಳೀಯರೂ ಪೈಪೋಟಿ ನಡೆಸಬಹುದಲ್ಲ.

ವಾದದಲ್ಲಿ ಗೆದ್ದ ಪತ್ರ ರಾಜಕೀಯದಲ್ಲಿ ಗೆಲ್ಲಲಿಲ್ಲ. ಅಮೆರಿಕದ ರಾಯಭಾರಿ ಮಸೂದೆಯನ್ನು ವಿರೋಧಿಸಿ ಸಂಸತ್ತಿನ ಅಧ್ಯಕ್ಷರಿಗೆ ಬರೆದರು. ಜುಲೈನಲ್ಲಿ ಪೆರುವಿನ ಅಧ್ಯಕ್ಷ ಅಲೆಹಾಂದ್ರೊ ತೊಲೆದೊ ಅಮೆರಿಕದಲ್ಲಿ ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್‌ರನ್ನು ಕಂಡು, ಸುಮಾರು 5,50,000 ಡಾಲರ್ ಮೌಲ್ಯದ ಕೊಡುಗೆಗೆ ಒಪ್ಪಿ ಬಂದರು. ವಿಯಾನುಯೇವಾ ದುಡ್ಡನ್ನು ಬದಿಗಿಟ್ಟದ್ದು ಏಕೆ ಸರಿ ಎಂಬುದಕ್ಕೆ ಈ ಕೊಡುಗೆಗಿಂತ ಬೇರೆ ಸಾಕ್ಷಿ ಬೇಡ. ‘ನಮ್ಮದು ಅಗ್ಗ’ ಎಂದು ವಾದಿಸುವವನ ಬಾಯನ್ನು ಒಂದು ಚೆಕ್ಕು ಮುಚ್ಚಿಸಬಲ್ಲದು. ‘ಮೂವತ್ತು ವರ್ಷದ ಮೇಲೆ ಈ ಕಡತವನ್ನು ಯಾರು ತೆರೆಯುತ್ತಾರೆ’ ಎಂಬ ಪ್ರಶ್ನೆಗೆ ಚೆಕ್ಕಿನಲ್ಲಿ ಉತ್ತರವಿಲ್ಲ. ಮರುವರ್ಷ ಮ್ಯೂನಿಕ್ ನಗರಸಭೆಯ ಮನವೊಲಿಸಲು ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ತಾವೇ ಬಂದರು, ಕಂಪನಿ ದರವನ್ನೂ ಇಳಿಸಿತು. ನಗರ ಲಿನಕ್ಸನ್ನೇ ಆರಿಸಿಕೊಂಡಿತು. 2013ರ ಹೊತ್ತಿಗೆ ಅಲ್ಲಿ ಸುಮಾರು 15,000 ಕಂಪ್ಯೂಟರುಗಳು ಬದಲಾಗಿದ್ದವು. 2017ರಲ್ಲಿ ಅದೇ ನಗರಸಭೆ ವಿಂಡೋಸಿಗೆ ಮರಳಲು ನಿರ್ಧರಿಸಿತು.

ಪತ್ರದ ಕೊರತೆಯೂ ಇಲ್ಲೇ ಕಾಣುತ್ತದೆ. ನೌಕರರ ರೂಢಿ, ಮೇಜು ಮೇಜಿನ ಗೊಣಗಾಟ, ಬದಲಾಗುವ ಮೇಯರು ಇವು ಅದರ ಲೆಕ್ಕಕ್ಕೆ ಅಷ್ಟಾಗಿ ಬರುವುದಿಲ್ಲ. ಮೂರು ತತ್ವಗಳಲ್ಲಿ ಭದ್ರತೆಯದೇ ತೆಳುವಾದದ್ದು. ಮೂಲಸಂಕೇತ ತೆರೆದಿದ್ದರೆ ಪರಿಶೀಲಿಸಬಹುದು, ನಿಜ, ಪರಿಶೀಲಿಸುವವರು ಬೇಕಲ್ಲ? ಜಗತ್ತಿನ ಅಸಂಖ್ಯ ಸರ್ವರುಗಳು ನಂಬಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ 2012ರಿಂದ 2014ರವರೆಗೆ ಎಲ್ಲರ ಕಣ್ಣೆದುರೇ ಕೂತಿತ್ತು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಕಡತದ ವಿನ್ಯಾಸ ಮುಕ್ತವಾಗಿದ್ದರೆ ಸಾಕು, ತಂತ್ರಾಂಶ ಯಾರದಾದರೇನು? ಕನ್ನಡದ ಅನುಭವ ಇದಕ್ಕೆ ಅರ್ಧ ಒಪ್ಪಿಗೆ ಕೊಡುತ್ತದೆ. ಯೂನಿಕೋಡಿಗೆ ಮುಂಚಿನ ‘ನುಡಿ’ ತಂತ್ರಾಂಶದಲ್ಲಿ ಟೈಪಾದ ಪುಟವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಎಂಬ ಪದವೇ ಕಾಣುವುದಿಲ್ಲ; ಟೋಪಿ ಹಾಕಿದ ರೋಮನ್ ಅಕ್ಷರಗಳು, ನಡುವೆ ‘ನ’ ಇರಬೇಕಾದ ಕಡೆ ಬ್ರಿಟನ್ನಿನ ಪೌಂಡ್ ಚಿಹ್ನೆ. ನುಡಿ ಉಚಿತವಾಗಿಯೇ ಸಿಗುತ್ತಿತ್ತು. ಕಡತವನ್ನು ಅದು ಕಾಪಾಡಲಿಲ್ಲ. ಯಾವ ಸಂಕೇತಕ್ಕೆ ಯಾವ ಅಕ್ಷರ ಎಂಬುದು ತಿಳಿದಿದ್ದರಿಂದ ಆಸಕ್ತರು ಪರಿವರ್ತಕಗಳನ್ನು ಬರೆದರು, ಬರಹ ಬದುಕಿತು. ಹಾಗಾಗಿ ವಿನ್ಯಾಸ ಮುಕ್ತವಾಗಿರುವುದೇ ಮೊದಲ ಅಗತ್ಯ, ಒಪ್ಪೋಣ. ಆದರೆ ಘೋಷಿಸಿದ ವಿನ್ಯಾಸವನ್ನೇ ತಂತ್ರಾಂಶ ಪಾಲಿಸುತ್ತಿದೆಯೇ ಎಂದು ಖಚಿತವಾಗಿ ನೋಡಲು ಮೂಲಸಂಕೇತವೇ ಬೇಕು. ಆಕ್ಷೇಪ ಅಲ್ಲಿಗೆ ನಿಲ್ಲುತ್ತದೆ.

ಭಾರತ ಸರ್ಕಾರದ 2015ರ ಮುಕ್ತ ತಂತ್ರಾಂಶ ನೀತಿ ವಿಯಾನುಯೇವಾರಷ್ಟು ದೂರ ಹೋಗುವುದಿಲ್ಲ. ಟೆಂಡರಿನಲ್ಲಿ ಮುಕ್ತ ತಂತ್ರಾಂಶವನ್ನು ಪರಿಗಣಿಸಬೇಕು, ಬಿಟ್ಟರೆ ಕಾರಣ ಕೊಡಬೇಕು ಎನ್ನುತ್ತದೆ. ತುರ್ತು, ಪರಿಣತಿಯ ಅಭಾವದಂಥ ವಿನಾಯಿತಿಗಳಿಗೂ ಬಾಗಿಲು ತೆರೆದಿಡುತ್ತದೆ. ಪೆರುವಿನಲ್ಲೇ 2005ರಲ್ಲಿ ಬಂದ 28612ನೇ ಕಾನೂನು ಯಾವ ಬಗೆಯ ತಂತ್ರಾಂಶಕ್ಕೂ ಒಲವು ತೋರದೆ ತಟಸ್ಥವಾಗಿ ನಿಂತಿತು. 1609ನೇ ಮಸೂದೆಯ ಕಡ್ಡಾಯದ ಜಾಗದಲ್ಲಿ ಅದು ಇಟ್ಟದ್ದು, ಖರೀದಿಗೆ ಮುಂಚೆ ಕಚೇರಿಯ ತಂತ್ರಜ್ಞರು ಬರೆದು ಸಹಿ ಹಾಕಬೇಕಾದ ಒಂದು ಮೌಲ್ಯಮಾಪನ ವರದಿಯನ್ನು.