ಹೆಸರೊಂದು ಸಾಕು, ಕತೆ ತಾನೇ ಬರುತ್ತದೆ

ಗಂಟೆ ಎಂಟಾದರೂ ಹೊದಿಕೆ ಸರಿಸದ ಮಗನನ್ನು ನೆನೆದು ಅಡುಗೆಮನೆಯಿಂದಲೇ ಅಮ್ಮ ಕೇಳುತ್ತಾಳೆ: ‘ನಮ್ಮ ಕುಂಭಕರ್ಣ ಎದ್ದನೇನು?’ ಲಂಕೆಯ ಮಾತಿಲ್ಲ, ರಾವಣನ ಮಾತಿಲ್ಲ, ಡೋಲು ಬಡಿದು ಎಬ್ಬಿಸಿದ ಗದ್ದಲವೂ ಇಲ್ಲ. ಆದರೂ ಮನೆಮಂದಿಯೆಲ್ಲ ನಗುತ್ತಾರೆ. ಸಾಹಿತ್ಯದಲ್ಲಿ ಅಲ್ಯೂಷನ್ ಅಥವಾ ಸೂಚ್ಯ ಉಲ್ಲೇಖ ಎನ್ನುವುದು ಇದನ್ನೇ. ಹೆಸರು ಕೇಳಿ ಹೆದರಬೇಡಿ. ಮಾಡುವುದು ನಿಮಗಾಗಲೇ ಬರುತ್ತದೆ.

ಆ ಪದದ ಲ್ಯಾಟಿನ್ ಬೇರಿಗೆ ‘ಆಡು’ ಎಂದರ್ಥ. ಆಟಕ್ಕೆ ಇಬ್ಬರು ಬೇಕು, ಇಬ್ಬರಿಗೂ ಗೊತ್ತಿರುವ ಕತೆ ಬೇಕು. ಹಾಗಾಗಿ ಇದನ್ನು ಇಂಥವರೇ ಕಂಡುಹಿಡಿದರು ಎನ್ನುವಂತಿಲ್ಲ. ಹತ್ತು ಜನ ಒಂದೇ ಕತೆ ಕೇಳಿ ಬೆಳೆದ ಊರಲ್ಲೆಲ್ಲ ತಾನಾಗಿ ಹುಟ್ಟಿದೆ. ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಹೇಳುವವರು ಮಾತಿನ ಭರದಲ್ಲಿ ಒಂದು ಹೆಬ್ಬೆರಳಿನ ಸುದ್ದಿ ಎತ್ತಿ ಮುಂದೆ ಹೋಗಿಬಿಡಲಿ, ಏಕಲವ್ಯನ ಹೆಸರೇ ಬೇಡ, ಸಭೆ ತಲೆದೂಗುತ್ತದೆ.

ಯಾವ ಕತೆ ಎಂದು ಗುರುತಿಸಿದ ಕೂಡಲೇ ಹೊಸಬರು ಕ್ವಿಜ್ ಗೆದ್ದವರಂತೆ ಪುಟ ತಿರುಗಿಸುತ್ತಾರೆ. ನನ್ನ ತಕರಾರು ಅಲ್ಲೇ. ಹಳೆಯ ಕತೆ ಎಲ್ಲಿ ಹೊಂದುತ್ತದೆ ಎನ್ನುವುದಕ್ಕಿಂತ ಎಲ್ಲಿ ಹೊಂದುವುದಿಲ್ಲ ಎನ್ನುವುದರಲ್ಲಿ ಸ್ವಾರಸ್ಯ ಹೆಚ್ಚು. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ (1965) ತೆಗೆದುಕೊಳ್ಳಿ. ಕಾಡಿನ ಕತ್ತಲಲ್ಲಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಚಂದ್ರಿಯನ್ನು ಕೂಡುವಾಗ ಪರಾಶರ–ಮತ್ಸ್ಯಗಂಧಿಯರು ನೆನಪಾಗುತ್ತಾರೆ. ಅಲ್ಲಿಗೇ ನಿಲ್ಲಬೇಡಿ. ದೋಣಿಯಲ್ಲಿ ಮತ್ಸ್ಯಗಂಧಿಯನ್ನು ಕೂಡಿದ ಋಷಿ ಪರಾಶರನಿಗೆ ಪಶ್ಚಾತ್ತಾಪವಿರಲಿಲ್ಲ. ಅವಳ ಮೈಗೆ ಸುಗಂಧವನ್ನೂ ಕನ್ಯತ್ವವನ್ನೂ ಕೊಟ್ಟು ತನ್ನ ದಾರಿ ಹಿಡಿದ. ಆಚಾರ್ಯರ ಹತ್ತಿರ ಕೊಡಲು ಯಾವ ವರವೂ ಇಲ್ಲ. ಎದ್ದು ಕೂತಾಗ ಅದುವರೆಗೆ ಓದಿದ್ದು, ನಂಬಿದ್ದು ಎಲ್ಲ ಅಲುಗಾಡುತ್ತಿದೆ. ಪುರಾಣದಲ್ಲಿ ನಡೆದುಹೋದದ್ದು ಅಗ್ರಹಾರದಲ್ಲಿ ನಡೆಯುವುದಿಲ್ಲ. ಕಾದಂಬರಿ ಇದನ್ನು ಬಾಯಿಬಿಟ್ಟು ಹೇಳಿದ್ದರೆ ಉಪನ್ಯಾಸವಾಗುತ್ತಿತ್ತು. ಅದೇ ಆಚಾರ್ಯರ ಬಾಯಲ್ಲಿ ಶಕುಂತಲೆಯ ವರ್ಣನೆ ಕೇಳಿದ ಅಗ್ರಹಾರದ ತರುಣ ಶ್ರೀಪತಿ ತಡೆಯಲಾರದೆ ಎದ್ದು ಹೊಳೆಯತ್ತ ಹೋದದ್ದನ್ನೂ ಇದರ ಪಕ್ಕ ಇಟ್ಟು ನೋಡಿ. ಕಾಳಿದಾಸ ಅಲ್ಲಿ ಬರೀ ಅಲಂಕಾರವಲ್ಲ, ಕತೆಯನ್ನೇ ನೂಕುವ ಕೈ.

ಗೊತ್ತಿಲ್ಲದ ಉಲ್ಲೇಖ ಬಂದರೆ? ಮುಂದೆ ಓದಿ. ಒಳ್ಳೆಯ ಕವಿತೆ ಕೀಲಿಕೈ ಇಲ್ಲದವರನ್ನೂ ಜಗುಲಿಯ ತನಕ ಬಿಟ್ಟುಕೊಳ್ಳುತ್ತದೆ, ಒಳಮನೆಗೆ ಆಮೇಲೆ ಹೋಗಬಹುದು. ಇಂಗ್ಲಿಷ್ ಕವಿ ಎಲಿಯಟ್ 1922ರಲ್ಲಿ ‘ದಿ ವೇಸ್ಟ್ ಲ್ಯಾಂಡ್’ ಪುಸ್ತಕ ತಂದಾಗ ಕೊನೆಯಲ್ಲಿ ಟಿಪ್ಪಣಿ ಸೇರಿಸಿದ. ಜನ ಕವಿತೆ ಬಿಟ್ಟು ಟಿಪ್ಪಣಿಯ ಬೆನ್ನು ಹತ್ತಿದರು. ಮುಂದೆ ಅವನೇ ಅದಕ್ಕೆ ಪೇಚಾಡಿಕೊಂಡ.

ಅಂದಹಾಗೆ, ‘ಸಂಸ್ಕಾರ’ದ ಆ ಅಗ್ರಹಾರದ ಹೆಸರು ದೂರ್ವಾಸಪುರ. ಋಷಿಗಳಿಗೇನು ಬರವಿರಲಿಲ್ಲ, ಮೂಗಿನ ತುದಿಯಲ್ಲೇ ಸಿಟ್ಟಿದ್ದವನ ಹೆಸರೇ ಏಕೆ ಬಂತು ಎಂಬುದನ್ನು ನಾನು ಹೇಳುವುದಿಲ್ಲ.