ಅಂಗಡಿಯ ಹೆಸರು ಹೊತ್ತ ಕುಪ್ಪಿಗಳು

ಜಪಾನಿನ ಪ್ರಾಚೀನ ಮೃತ್ಪಾತ್ರೆಗಳನ್ನು ಸಂಗ್ರಹಿಸುವವರಲ್ಲಿ ಸಾಕೆಯೆಂಬ ಅಕ್ಕಿಯ ಮದ್ಯದ ಕುಪ್ಪಿಗಳಿಗೆ, ಅಂದರೆ ತೊಕ್ಕುರಿಗಳಿಗೆ, ಮನಸೋತವರು ಬಹುಮಂದಿ. ಅವರ ಅಭಿರುಚಿಯು ಸಹಜವಾಗಿ ಹರಿಯುವುದು, ಲೇಪದ ಹಂಗಿಲ್ಲದೆ ಬೆಂಕಿ ಬೂದಿಗಳಿಂದಲೇ ವರ್ಣವೈಚಿತ್ರ್ಯವನ್ನು ಪಡೆದ ಬಿಜೆನ್ ಆವಿಗೆಗಳ ಕುಪ್ಪಿಗಳ ಕಡೆಗೆ. ಅವುಗಳ ಚೆಲುವನ್ನು ಅಲ್ಲಗಳೆಯತಕ್ಕುದಲ್ಲ. ಆದರೂ, ಎದೊ ಯುಗದ ಉತ್ತರಾರ್ಧದಿಂದ ಗಾಜಿನ ಸೀಸೆ ಬಂದು ಸ್ಥಳವನ್ನಾಕ್ರಮಿಸುವವರೆಗೆ ಮದ್ಯದ ವರ್ತಕನು ಗಿರಾಕಿಗೆ ಎರವಲಾಗಿ ಕೊಡುತ್ತಿದ್ದ, ಬರಿದಾದೊಡನೆ ಮತ್ತೆ ತುಂಬಿಸಿಕೊಳ್ಳಲು ಅಂಗಡಿಗೆ ಮರಳುತ್ತಿದ್ದ ಕಯೋಯಿ-ದೊಕ್ಕುರಿಯೇ ಈ ಸಂಗ್ರಹಕಲೆಯ ನಿಜವಾದ ನಿಕಷವೆಂದು ನನ್ನ ಅಭಿಪ್ರಾಯ.

ಮಿನೊ ಪ್ರಾಂತದ ತಕಾದ ಆವಿಗೆಗಳಲ್ಲಿ ವಿಪುಲವಾಗಿ ಸಿದ್ಧವಾದ, ಬೂದುಬಿಳುಪಿನ ಮೈಯ, ಬಡವರ ಕುಪ್ಪಿಯೆಂದೇ ಹೆಸರಾದ ಈ ಪಾತ್ರೆಯ ಮೇಲೆ ಅಂಗಡಿಯ ಹೆಸರನ್ನೂ ಊರನ್ನೂ ಕಬ್ಬಿಣದ ಬಣ್ಣದಲ್ಲಿ ಕುಂಚದಿಂದ ಬರೆದಿರುತ್ತಾರೆ. ಸುಟ್ಟ ಮೇಲೆ ಮೊಳೆಯಿಂದ ಗೀರಿದ ಬರಹಗಳೂ ಉಂಟು. ಆ ಅಕ್ಷರಗಳದು ಎಂತಹ ನಿರಾಯಾಸವಾದ ಓಟ! ದಿನವೆಲ್ಲ ಅದನ್ನೇ ಬರೆದು ಪಳಗಿದ ಕೈಗಲ್ಲದೆ ಅದು ಒಲಿಯದು. ಕೆಲವುಗಳ ಮೇಲೆ ದೂರವಾಣಿಯ ಸಂಖ್ಯೆಯೂ ಇರುವುದರಿಂದ, ಆ ಸೌಕರ್ಯವು ಜಪಾನಿನಲ್ಲಿ ಸಾರ್ವಜನಿಕರಿಗೆ ದೊರೆತ 1890ಕ್ಕೆ ಹಿಂದಿನವು ಅವಲ್ಲವೆಂದು ನಿರ್ಣಯಿಸಬಹುದು.

1936ರಲ್ಲಿ ಟೋಕಿಯೊದಲ್ಲಿ ಜಾನಪದ ಕರಕುಶಲತೆಯ ವಸ್ತುಸಂಗ್ರಹಾಲಯವನ್ನು ತೆರೆದ ಯಾನಗಿ ಸೊಯೆತ್ಸು, ಅನಾಮಧೇಯ ಕುಶಲಕರ್ಮಿಗಳ ನಿತ್ಯೋಪಯೋಗದ ವಸ್ತುಗಳಲ್ಲಿ ಸೌಂದರ್ಯವನ್ನು ಕಾಣುವ ಕಣ್ಣನ್ನು ನಮಗಿತ್ತ ಮಹನೀಯನು. ಆ ಋಣ ದೊಡ್ಡದು. ಆದರೆ ಕುಂಬಾರನ ಅನಾಮಧೇಯತೆಯನ್ನೇ ಕೊಂಡಾಡುವ ಭರದಲ್ಲಿ ಆತನ ಅನುಯಾಯಿಗಳು, ಪಾತ್ರೆಯು ಎದೆಯ ಮೇಲೆಯೇ ಹೊತ್ತ ವರ್ತಕನ ಹೆಸರನ್ನು ಬರಿಯ ಅಲಂಕಾರವೆಂಬಂತೆ ಕಂಡುಬಿಡುವುದುಂಟು. ಇನ್ನು, ತಳಕ್ಕೆ ರಂಧ್ರ ಕೊರೆದು ಅದನ್ನು ದೀಪದ ಕಂಬವಾಗಿಸುವವರ ಮಾತನ್ನಂತೂ ಆಡದಿರುವುದೇ ಲೇಸು.

ಆವಿಗೆಗೊಂದರಂತೆ ಮಾದರಿಗಳನ್ನು ಕೂಡಿಹಾಕುವವನಿಗಿಂತ, ಒಂದೇ ಊರಿನ ಹಲವು ಅಂಗಡಿಗಳ ಕುಪ್ಪಿಗಳನ್ನು, ಬಾಯಂಚು ಒಡೆದವನ್ನೂ ಕಡೆಗಣಿಸದೆ, ಒಟ್ಟುಗೂಡಿಸುವವನನ್ನು ನಾನು ಶ್ರೇಷ್ಠನೆಂದೆಣಿಸುತ್ತೇನೆ. ಆ ಊರಿನಲ್ಲಿ ಯಾರು ಯಾರು ಮದ್ಯ ಮಾರಿದರು, ಯಾವ ಅಂಗಡಿ ಹಿರಿದು, ಯಾವುದು ತನ್ನ ಕುಪ್ಪಿಗಳನ್ನು ಹೆಚ್ಚು ಕಾಲ ಬಾಳಿಸಿತು ಎಂಬುದನ್ನು ಊಹಿಸುವುದಕ್ಕೆ ಅಂತಹ ಸಂಗ್ರಹವೊಂದೇ ಆಧಾರ ಕೊಟ್ಟೀತು.